ಮುದುಕ ನೋಡಿದ್ದು ಯಾರ ಕಡೆಗೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಸೈನ್ಯದಿಂದ ನಿವೃತ್ತರಾದ ಒಬ್ಬರನ್ನು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದು ಅವರ ಹೆಂಡತಿ. ನಿದ್ದೆಯಿಲ್ಲ, ವಯಸ್ಸಾದವರು ಯಾರಾದರೂ ಮನೆಗೆ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಾರೆ. ಯುದ್ಧದ ಬಗ್ಗೆ ಕೇಳಿದರೆ ಮಾತ್ರ ತಡವರಿಸದೆ ಹೇಳುತ್ತಿದ್ದರು. ಗುಂಡು, ಗಾಯ, ಕಣ್ಣೆದುರೇ ಸತ್ತವರು. ಮೂರು ಭೇಟಿ ಅದರಲ್ಲೇ ಮುಗಿದವು. ತಪ್ಪು ನನ್ನದೇ. ಸೈನಿಕ ಎಂದ ಕೂಡಲೇ ನಾವು ಭಯದ ನೆನಪನ್ನೇ ಕೆದಕುತ್ತೇವೆ.

ನಾಲ್ಕನೆಯ ಸಲ ಒಂದು ವಿಷಯ ಗಮನಕ್ಕೆ ಬಂತು. ತುಕಡಿಯ ಎಲ್ಲರನ್ನೂ ಹೆಸರು ಹಿಡಿದು ಹೇಳುವವರು, ಗಾಯಗೊಂಡ ತಮ್ಮನ್ನು ಹೊತ್ತು ತಂದವನನ್ನು ಮಾತ್ರ ‘ಒಬ್ಬ’ ಎನ್ನುತ್ತಿದ್ದರು. ಯಾಕೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

“ಚೆಕ್‌ಪೋಸ್ಟ್‌ನಲ್ಲಿ ಒಬ್ಬ ಮುದುಕನಿಗೆ ಹೊಡೆದ ಮೇಡಂ, ಅವನು. ಕಾಗದಪತ್ರ ಎಲ್ಲ ಸರಿಯಿತ್ತು. ಹಿಂದಿನ ದಿನ ನಮ್ಮವನೊಬ್ಬ ಸತ್ತಿದ್ದ, ಆ ಸಿಟ್ಟು. ಮುದುಕ ದಿನಾ ಅದೇ ದಾರಿಯಲ್ಲಿ ಹೋಗುತ್ತಿದ್ದವನು. ಅವನ ಭಾಷೆಯಲ್ಲಿ ನಮಸ್ಕಾರ ಹೇಳೋದನ್ನ ನಾನು ಕಲಿತಿದ್ದೆ. ಏಟು ಬಿದ್ದಾಗ ಅವನು ಹೊಡೆದವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ.”

“ನೀವು?”

“ಮುಂದಿನವನ ಚೀಲ ಬಿಚ್ಚಿಸಿದೆ.”

ಎರಡು ವಾರದ ಮೇಲೆ ಅದೇ ಕೈ ಇವರನ್ನು ಹೆಗಲಿಗೇರಿಸಿಕೊಂಡು ಓಡಿತ್ತು.

“ಪರಿಸ್ಥಿತಿ ಹಾಗಿತ್ತು, ನಿಮ್ಮ ತಪ್ಪಿಲ್ಲ” ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಇಂದಿಗೂ ವಾದಿಸುತ್ತಾರೆ. ಆದರೆ ಆ ಮಾತನ್ನು ಅವರಿಗೆ ಅವರೇ ಎಷ್ಟೋ ರಾತ್ರಿ ಹೇಳಿಕೊಂಡಿದ್ದರು, ನಿದ್ದೆ ಬಂದಿರಲಿಲ್ಲ. ಇಂಥದ್ದನ್ನು ಈಗ ನೈತಿಕ ಗಾಯ ಎನ್ನುತ್ತಾರೆ; ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಚಿಕಿತ್ಸೆಯಿಂದ ಬಂದ ಮಾತು ಅದು. ಇದು ಭಯದಿಂದ ಆದದ್ದಲ್ಲ, ತನ್ನೊಳಗಿನ ಸರಿ-ತಪ್ಪಿನ ಗೆರೆಯನ್ನು ತಾನೇ ದಾಟಿದ್ದರಿಂದ ಆದದ್ದು. ಗೆರೆಯೇ ಇರಲಿಲ್ಲ ಎಂದು ಸಮಾಧಾನ ಹೇಳಿದರೆ, ನಮಸ್ಕಾರ ಕಲಿತ ಆ ಮನುಷ್ಯನನ್ನೇ ಅಳಿಸಿದಂತೆ.

ಕಾನೂನು ಅವರಿಗೆ ಗೊತ್ತಿತ್ತು. ಎದುರಿಗಿರುವವನು ಹೋರಾಟಗಾರನೋ ಅಲ್ಲವೋ ಎಂಬ ಸಂಶಯ ಬಂದರೆ ಯುದ್ಧಕ್ಕೆ ಸೇರದ ನಾಗರಿಕನೆಂದೇ ಎಣಿಸಬೇಕು ಎನ್ನುತ್ತದೆ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಒಪ್ಪಂದ. ಚೆಕ್‌ಪೋಸ್ಟ್‌ನಲ್ಲಿ ನಿಂತವನಿಗೆ ಎದುರು ಬರುವ ಪ್ರತಿಯೊಬ್ಬನೂ ಸಂಶಯವೇ. ಪಕ್ಕದಲ್ಲಿ ನಿಂತವನೊಬ್ಬನೇ ನಂಬಿಕೆ. ಆ ನಂಬಿಕೆಗೆ ಎದುರು ನಿಲ್ಲುವುದು ಎಂಥ ಕಷ್ಟ ಎಂದು ತಿಳಿಯಲು ಹ್ಯೂ ಥಾಂಪ್ಸನ್ ಕಥೆ ಸಾಕು. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕನ್ ಸೈನಿಕರು ಹಳ್ಳಿಗರನ್ನು ಕೊಲ್ಲುತ್ತಿದ್ದಾಗ, ಹಳ್ಳಿಗರಿಗೂ ತನ್ನದೇ ಸೇನೆಯವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ ಅಮೆರಿಕನ್ ಪೈಲಟ್ ಆತ. ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೇ ಹಾರಿಸಿ ಎಂದು ತನ್ನ ಸಿಬ್ಬಂದಿಗೆ ಹೇಳಿದ್ದ. ಬಹುಕಾಲ ದ್ರೋಹಿ ಎನ್ನಿಸಿಕೊಂಡ. ಆ ದಿನದ ಕೆಲಸಕ್ಕೆ ‘ಸೋಲ್ಜರ್ಸ್ ಮೆಡಲ್’ ಎಂಬ ಪದಕ ಬಂದದ್ದು 1998ರಲ್ಲಿ. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: “ಅವನನ್ನ ಯಾರು ಹೊತ್ತು ತರ್ತಿದ್ದರು ಮೇಡಂ, ಗಾಯ ಆಗಿದ್ದಿದ್ದರೆ?” ನನ್ನ ಬಳಿ ಉತ್ತರವಿರಲಿಲ್ಲ.

ನಿದ್ದೆಗೆ ವೈದ್ಯರ ಬಳಿ ಕಳಿಸಿದೆ. ಇನ್ನೊಂದು ಸಲಹೆ: ವರ್ಷಗಳಿಂದ ಎತ್ತದೆ ಬಿಟ್ಟ ಆ ಜೊತೆಗಾರನ ಫೋನನ್ನು ಎತ್ತಿ. ದೂರುವುದಕ್ಕಲ್ಲ, ಕ್ಷಮಿಸುವುದಕ್ಕೂ ಅಲ್ಲ. ಮುದುಕನ ಕ್ಷಮೆ ಕೊಡುವ ಅಧಿಕಾರ ನಿಮ್ಮಿಬ್ಬರಿಗೂ ಇಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಿಕೊಳ್ಳಲು ಅಲ್ಲಿದ್ದವನು ಅವನೊಬ್ಬನೇ ಉಳಿದಿದ್ದಾನೆ.

ಮಾತಾಡಿದರಂತೆ. ಅರ್ಧ ಗಂಟೆ ಮಂಡಿನೋವು, ಮಕ್ಕಳು. ಕೊನೆಗೆ ಇವರು ಕೇಳಿದರು: “ಆ ಮುದುಕ ನೆನಪಿದ್ದಾನಾ?”

“ಯಾವ ಮುದುಕ?”

ಮರೆತಿದ್ದನೋ, ಅಂಥವರು ಹಲವರಿದ್ದರೋ, ಗೊತ್ತಾಗಲಿಲ್ಲ ಎಂದರು. ಸಲಹೆ ಕೊಡುವಾಗ ಈ ಉತ್ತರವನ್ನು ನಾನು ಊಹಿಸಿರಲಿಲ್ಲ. “ಮತ್ತೆ ನೀವೇನಂದಿರಿ?” ಎಂದು ಕೇಳಿದೆ.

“ಶುರುವಿಂದ ಹೇಳಿದೆ ಮೇಡಂ. ಅವನು ಫೋನ್ ಇಡಲಿಲ್ಲ.”