ಒಬ್ಬರ ಊಟ ದೇಹಕ್ಕೂ ಪರಿಸರಕ್ಕೂ ಎಷ್ಟು ಹಿತ ಎಂದು ಅಳೆಯುವುದು ಹೇಗೆ?

ಹಿಂದಿನ 24 ಗಂಟೆಯಲ್ಲಿ ತಿಂದು ಕುಡಿದದ್ದನ್ನೆಲ್ಲ ಕೇಳಿ ಬರೆದುಕೊಂಡು, ಗ್ರಾಂ ಲೆಕ್ಕಕ್ಕೆ ತಂದು, ಮಾದರಿ ಆಹಾರದೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ದೇಹಕ್ಕೂ ಪರಿಸರಕ್ಕೂ ಹಿತವಾದ ಆಹಾರ ಯಾವುದೆಂದು ಸೂಚಿಸಿದ ವಿಜ್ಞಾನಿಗಳ ತಂಡವಾದ ಈಟ್-ಲ್ಯಾನ್ಸೆಟ್ ಆಯೋಗದ 2019ರ ಮಾದರಿಯಲ್ಲಿ ದಿನಕ್ಕೆ 2,500 ಕಿಲೋಕ್ಯಾಲರಿ. ತರಕಾರಿ 300 ಗ್ರಾಂ, ಹಣ್ಣು 200, ಹಾಲು 250, ಸಕ್ಕರೆ 31.

ಆದರೆ ಅಂಕವೊಂದೇ ಸಾಲದು. ಪರಿಸರದ ಹೊರೆ ತಿಳಿಯಲು ಪ್ರತಿ ಪದಾರ್ಥದ ತೂಕವನ್ನು, ಅದರ ಒಂದು ಕಿಲೋ ಬೆಳೆದು ತಟ್ಟೆಗೆ ಬರುವಷ್ಟರಲ್ಲಿ ಹೊಮ್ಮುವ ಹಸಿರುಮನೆ ಅನಿಲ, ಬೇಕಾಗುವ ನೀರು, ನೆಲದಿಂದ ಗುಣಿಸಬೇಕು. ಆಗಲೇ ಗೊತ್ತಾಗುವುದು, ಮಾಂಸವಿಲ್ಲದ ಊಟಕ್ಕೂ ಹೊರೆ ಇದೆ ಎಂದು: ನೀರು ನಿಂತ ಭತ್ತದ ಗದ್ದೆಯೂ ಮೆಲುಕು ಹಾಕುವ ಹಸುವೂ ಮೀಥೇನ್ ಎಂಬ ಹಸಿರುಮನೆ ಅನಿಲ ಬಿಡುತ್ತವೆ.

ಲೆಕ್ಕ ಕೆಡುವುದು ಬಹುಪಾಲು ಅಡುಗೆಮನೆಯಲ್ಲೇ. ಒಗ್ಗರಣೆಯ ಎಣ್ಣೆ, ಕಾಫಿಯ ಸಕ್ಕರೆ ಮರೆತುಹೋಗುತ್ತವೆ. 100 ಗ್ರಾಂ ಅಕ್ಕಿ ಬೆಂದರೆ ಸುಮಾರು ಎರಡೂವರೆ ಪಟ್ಟು ತೂಗುತ್ತದೆ. ಅನ್ನದ ತೂಕವನ್ನೇ ಅಕ್ಕಿಯದೆಂದು ಬರೆದರೆ ಎಲ್ಲವೂ ತಪ್ಪು. ಒಂದೇ ದಿನ ಕೇಳಿದರೆ ಹಬ್ಬದೂಟವೂ ದಿನನಿತ್ಯದ್ದಾಗಿಬಿಡುತ್ತದೆ. ಬಿಡಿಬಿಡಿಯಾಗಿ ಎರಡು ದಿನವಾದರೂ ಕೇಳಬೇಕು.