ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಬೈಕಿನಲ್ಲಿ ಓಡಾಡುವುದು ಕಾರಿಗಿಂತ ಎಷ್ಟು ಅಪಾಯ?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳಿವೆ. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿದ್ದರೂ ಮನೆ ತೀರ್ಥಹಳ್ಳಿಯಲ್ಲೇ ಇರುವುದರಿಂದ ದಿನವೂ ಬೈಕಿನಲ್ಲಿ ಹೋಗಿಬರುವ ಯೋಚನೆ ನಿಮ್ಮದು, ಅದಕ್ಕೆ ಮನೆಯವರ ಒಪ್ಪಿಗೆಯಿಲ್ಲ ಎಂಬುದು ಒಂದು. ಜೋಪಾನವಾಗಿ ಓಡಿಸಿದರೆ ಬೈಕೂ ಕಾರಿನಷ್ಟೇ ಸುರಕ್ಷಿತವಲ್ಲವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ, ಅಲ್ಲ. ಜೋಪಾನದಿಂದ ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆಯೇ ಹೊರತು ಬಿದ್ದ ಮೇಲೆ ಮೈಗಾಗುವ ಪೆಟ್ಟು ಕಡಿಮೆಯಾಗುವುದಿಲ್ಲ. ನಾನು ಇದೇ ರಸ್ತೆಯಲ್ಲಿ ಎರಡನ್ನೂ ಓಡಿಸುವವನು. ಬೈಕಿನ ಮೇಲೆ ನನಗೆ ಯಾವ ಮುನಿಸೂ ಇಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಇದೊಂದನ್ನೇ ಹಿಡಿದುಕೊಂಡು ವಾದಿಸುವುದು ಸರಿಯಲ್ಲ, ಏಕೆಂದರೆ ನಮ್ಮಲ್ಲಿ ನೋಂದಣಿಯಾದ ವಾಹನಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ದ್ವಿಚಕ್ರಗಳೇ. ಕ್ರಮಿಸಿದ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಹೋಲಿಕೆ ನ್ಯಾಯವಾಗಿರುತ್ತದೆ. ಅಮೆರಿಕದಲ್ಲಿ ಹಾಗೆ ಲೆಕ್ಕ ಹಾಕಿದರೆ, ಅಷ್ಟೇ ದೂರಕ್ಕೆ ಬೈಕ್ ಸವಾರರ ಸಾವು ಕಾರಿನಲ್ಲಿರುವವರ ಸಾವಿನ 20 ಪಟ್ಟಿಗೂ ಹೆಚ್ಚು. ಅಲ್ಲಿನ ಭಾರಿ ಬೈಕುಗಳಿಗೂ ನಮ್ಮ ನೂರು ಸಿಸಿಯ ಬೈಕುಗಳಿಗೂ ವ್ಯತ್ಯಾಸವಿದೆ. ಆ ಪಟ್ಟನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೂ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಕಾರಣ ಸರಳವಾಗಿದೆ. ಡಿಕ್ಕಿಯಾದಾಗ ಕಾರಿನ ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟಿನ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ, ಸೀಟ್ ಬೆಲ್ಟ್ ಮೈಯನ್ನು ಹಿಡಿದಿಡುತ್ತದೆ. ಬೈಕಿನಲ್ಲಿ ನುಜ್ಜಾಗುವುದಕ್ಕೆ ಇರುವುದು ನಾವೇ. ಮೇಲಾಗಿ ತಪ್ಪು ನಮ್ಮದೇ ಆಗಬೇಕೆಂದೂ ಇಲ್ಲ. ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಬೈಕಿಗೂ ಇನ್ನೊಂದು ವಾಹನಕ್ಕೂ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರನೇ ಎರಡು ಪಾಲಿನಲ್ಲಿ, ದಾರಿ ಬಿಡಬೇಕಿದ್ದ ಎದುರಿನ ಚಾಲಕ ಬಿಡದೆ ನುಗ್ಗಿದ್ದ. ಬೈಕು ಕಣ್ಣಿಗೆ ಬೀಳುವುದೇ ಕಷ್ಟ, ಕಾರಿನ ಗಾಜಿನ ಪಕ್ಕದ ಕಂಬವೊಂದೇ ಇಡೀ ಬೈಕನ್ನು ಮರೆಮಾಡಬಲ್ಲದು. ನಮ್ಮಲ್ಲಿ 2017ರಿಂದ ಹೊಸ ದ್ವಿಚಕ್ರಗಳ ಹೆಡ್‌ಲೈಟು ಹಗಲಿನಲ್ಲೂ ಉರಿಯುವಂತೆ ಮಾಡಿರುವುದು ಇದಕ್ಕಾಗಿಯೇ. ಎದುರಿನವರು 'ಲೈಟು ಆರಿಸಿ' ಎಂದು ಕೈಸನ್ನೆ ಮಾಡುವುದು ಮಾತ್ರ ಇನ್ನೂ ನಿಂತಿಲ್ಲ.

ಇನ್ನು ನಮ್ಮ ರಸ್ತೆಯ ಮಾತು. ಮಂಡಗದ್ದೆಯ ಆಸುಪಾಸಿನಲ್ಲಿ ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು ಇರುವ ಭಾಗವನ್ನು ನೀವು ಬಲ್ಲಿರಿ. ಮಳೆಗಾಲದಲ್ಲಿ ಬಿಸಿಲೇ ತಾಗದ ತಿರುವುಗಳ ಅಂಚಿನಲ್ಲಿ ಟಾರಿನ ಮೇಲೆಯೇ ಪಾಚಿ ಕಟ್ಟುತ್ತದೆ, ಅದರ ಮೇಲೆ ಒದ್ದೆ ತರಗೆಲೆ ಹಾಸಿರುತ್ತದೆ. ಕಾರಿನ ಒಂದು ಚಕ್ರ ಅಲ್ಲಿ ಜಾರಿದರೆ ಉಳಿದ ಮೂರು ಹಿಡಿದುಕೊಳ್ಳುತ್ತವೆ. ತಿರುವಿನಲ್ಲಿ ವಾಲಿಕೊಂಡ ಬೈಕಿನ ಮುಂದಿನ ಚಕ್ರ ಜಾರಿದರೆ ಸವಾರನಿಗೆ ಏನನ್ನೂ ಮಾಡಲು ಸಮಯ ಸಿಗುವುದಿಲ್ಲ. ನೀರು ತುಂಬಿದ ಗುಂಡಿಯಲ್ಲಿ ಕಾರಿನ ಟೈರು ಹೋಗಬಹುದು, ಬೈಕಿನವನು ಎದುರಿನ ಲಾರಿಯ ಮುಂದೆ ಬೀಳಬಹುದು.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಅಪಾಯವಿದೆ. ಮಳೆಗೆ ರಸ್ತೆಬದಿಯ ಮಣ್ಣು ಕೊಚ್ಚಿಹೋಗಿ ಟಾರಿನ ಅಂಚು ನಾಲ್ಕೈದು ಬೆರಳು ಮೇಲೆ ಉಳಿದಿರುತ್ತದೆ. ಎದುರಿನ ಬಸ್ಸಿಗೆ ಹೆದರಿ ಬೈಕನ್ನು ಮಣ್ಣಿಗಿಳಿಸಿದವರು, ವೇಗ ತಗ್ಗಿಸದೆ ಓರೆಯಾಗಿಯೇ ಮತ್ತೆ ಮೇಲೆ ಹತ್ತಿಸಲು ಹೋಗುತ್ತಾರೆ. ಚಕ್ರ ಅಂಚಿಗೆ ಉಜ್ಜಿ ಬೈಕು ರಸ್ತೆಯ ನಡುವಿಗೆ ಅಡ್ಡ ಬೀಳುತ್ತದೆ. ಇಳಿದ ಮೇಲೆ ಪೂರ್ತಿ ನಿಧಾನಿಸಿ, ಅಂಚು ತಗ್ಗಿರುವ ಕಡೆ ನೇರವಾಗಿ ಹತ್ತಿಸಬೇಕು.

ಬ್ರೇಕಿನ ಬಗ್ಗೆ ಒಂದು ಮಾತು. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಅಡ್ಡ ಬಂದ ನಾಯಿಯನ್ನು ಕಂಡು ಬ್ರೇಕ್ ಹಿಡಿಯುವ ಒಂದು ಸೆಕೆಂಡಿನೊಳಗೆ ವಾಹನ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಇದು ಕಾರಿಗೂ ಒಂದೇ, ಬೈಕಿಗೂ ಒಂದೇ. ಆದರೆ ಗಾಬರಿಯಲ್ಲಿ ಬಲವಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡರೆ ಕಾರು ಜಾರಿಕೊಂಡಾದರೂ ನಿಲ್ಲುತ್ತದೆ, ಬೈಕು ಮಲಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆ, ಚಕ್ರ ಹೀಗೆ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯ. ಹಳೆಯ ಬೈಕು ಕೊಳ್ಳುವ ಯೋಚನೆಯಿದ್ದರೆ ಅದು ಇದೆಯೇ ಎಂದು ಮೊದಲು ನೋಡಿ.

ಕಾರನ್ನು ನಾನು ಹೊಗಳುತ್ತಿಲ್ಲ. ಗಾಜು ಏರಿಸಿ ಹಾಡು ಹಾಕಿಕೊಂಡವರಿಗೆ ವೇಗದ ಅರಿವೇ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕುವವರನ್ನು ನಮ್ಮ ಕಡೆ ಹುಡುಕಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಜಾರು ಇಳಿದು ಬ್ರೇಕು ಕಾಯಿಸಿಕೊಳ್ಳುವವರು ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಈಗಲೂ ಸಿಗುತ್ತಾರೆ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುವವನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯಲ್ಲಿ ಹೆಲ್ಮೆಟ್ಟಿನಿಂದ ಸಾವಿನ ಸಾಧ್ಯತೆ ಸುಮಾರು ಶೇ. 42ರಷ್ಟು, ತಲೆಗೆ ಗಾಯವಾಗುವ ಸಾಧ್ಯತೆ ಶೇ. 69ರಷ್ಟು ತಗ್ಗುತ್ತದೆಂದು ಕಂಡುಬಂದಿದೆ. ಪೊಲೀಸರಿಗೆ ತೋರಿಸಲು ಕೊಳ್ಳುವ ಅರ್ಧ ಚಿಪ್ಪಿನ ಹೆಲ್ಮೆಟ್ಟಿನಿಂದ ಇದನ್ನು ನಿರೀಕ್ಷಿಸಬೇಡಿ. ಗಲ್ಲ ಮುಚ್ಚುವ, ಐಎಸ್‌ಐ ಗುರುತಿನದು ಬೇಕು, ಪಟ್ಟಿ ಬಿಗಿದಿರಬೇಕು. ಹಿಂದೆ ಕೂರುವವರಿಗೂ ಅಂಥದೇ ಬೇಕು. ಮನೆಯವರನ್ನು ಕರೆದೊಯ್ಯುವುದಿದ್ದರೆ, ಒಂದೇ ಪಕ್ಕಕ್ಕೆ ಕುಳಿತು ಮಳೆಗೆ ಛತ್ರಿ ಬಿಚ್ಚಲು ಎಂದಿಗೂ ಬಿಡಬೇಡಿ. ಗಾಳಿ ಛತ್ರಿಯನ್ನು ಹಿಂದಕ್ಕೆ ಎಳೆದಾಗ ಹಿಡಿದವರೂ ಅದರ ಜೊತೆಗೇ ಹೋಗುತ್ತಾರೆ, ಹಿಂದಲೆ ನೇರವಾಗಿ ರಸ್ತೆಗೆ ಬಡಿಯುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಇದು ದಿನವೂ ಕಾಣುವ ದೃಶ್ಯ, ನೋಡಿದಾಗಲೆಲ್ಲ ನನಗೆ ಎದೆ ಝಲ್ ಎನ್ನುತ್ತದೆ.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ. ಒಂದು ಕಡೆಗೆ ಸುಮಾರು 60 ಕಿ.ಮೀ. ಆಗುವ ಈ ದಾರಿಯನ್ನು ವರ್ಷವಿಡೀ ಬೈಕಿನಲ್ಲಿ ಸವೆಸುವುದು ಬೇಡ ಎನ್ನುತ್ತೇನೆ. ಮನೆಯವರ ಮಾತಿನಲ್ಲಿ ಹುರುಳಿದೆ. ಆದರೆ ಇದಕ್ಕಾಗಿ ಸಾಲ ಮಾಡಿ ಕಾರು ಕೊಳ್ಳಬೇಕಾಗಿಯೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಗೂ ಕೆಲಸ ಮುಗಿಯುವಾಗ ಕತ್ತಲಾಗುವ ದಿನಗಳಲ್ಲಿ ಬಸ್ಸು ಹಿಡಿಯಿರಿ, ಈ ಮಾರ್ಗದಲ್ಲಿ ಬಸ್ಸಿಗೆ ಬರವಿಲ್ಲ. ಬೇಸಿಗೆಯ ಹಗಲಿನಲ್ಲಿ ಬೇಕೆನಿಸಿದರೆ ಬೈಕಿನಲ್ಲಿ ಹೋಗಿ. ವಾರದ ಕೊನೆಯಲ್ಲಿ ಸಕ್ರೆಬೈಲಿನ ಆನೆ ನೋಡಲು ಬಂದವರ ಕಾರುಗಳು ಹಠಾತ್ತನೆ ಎಡಬಲಕ್ಕೆ ತಿರುಗುತ್ತವೆ, ಅಲ್ಲಿ ವೇಗ ತಗ್ಗಿಸಿ. ಉಳಿದ ದಿನಗಳಲ್ಲಿ ಬೈಕು ತೀರ್ಥಹಳ್ಳಿಯ ಬಸ್ ನಿಲ್ದಾಣದವರೆಗೆ ಬಂದರೆ ಸಾಕು.