ಪರೇಡಿನ ಸಾಲಿನಲ್ಲಿ ಕೀಟಲೆ: ಒಂದು ಆಪ್ತಸಲಹೆ ಪ್ರಕರಣ

(ಶಾಲೆ, ತರಗತಿ ಮತ್ತು ಮಕ್ಕಳ ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಕಾಸರಗೋಡು ಜಿಲ್ಲೆಯ ಒಳಭಾಗದ ಒಂದು ಹೈಸ್ಕೂಲು. ಕನ್ನಡ, ಮಲಯಾಳ ಎರಡೂ ಮಾಧ್ಯಮದ ಮಕ್ಕಳು ಒಂದೇ ಎನ್‌ಸಿಸಿ ತಂಡದಲ್ಲಿದ್ದಾರೆ. ಎನ್‌ಸಿಸಿ ನೋಡಿಕೊಳ್ಳುವ ಮಾಷ್ಟ್ರು ಆಪ್ತಸಲಹೆಗೆ ಬಂದದ್ದು ಒಂಬತ್ತು ಹೆಸರುಗಳ ಪಟ್ಟಿ ಹಿಡಿದುಕೊಂಡು. ಸಾಲಿನಲ್ಲಿ ನಗುವುದು, ತಡವಾಗಿ ಬರುವುದು, ಪಾಲಿಶ್ ಇಲ್ಲದ ಬೂಟು, ಸೀನಿಯರ್ ಕೆಡೆಟ್ ಕಮಾಂಡ್ ಕೊಟ್ಟರೆ ಬೇಕೆಂದೇ ತಪ್ಪು ಕಡೆಗೆ ತಿರುಗುವುದು, ಹೀಗೆ ದೂರು ಉದ್ದಕ್ಕಿತ್ತು. ಅವರು ಕೇಳಿದ್ದು ಮಾತ್ರ ಒಂದೇ: "ಈ ಒಂಬತ್ತು ಜನರನ್ನು ತೆಗೀಲಿಕ್ಕೆ ಒಂದು ವರದಿ ಬರೆದು ಕೊಡಿ ಟೀಚರ್."

ಕೆಡೆಟ್ ಒಬ್ಬನನ್ನು ಎನ್‌ಸಿಸಿಯಿಂದ ಬಿಡಿಸುವುದು ಶಾಲೆಯಲ್ಲಿ ಬಾಯಿಮಾತಿನಲ್ಲಿ ಮುಗಿಯುವ ವಿಷಯ ಅಲ್ಲ, ಕಡತ ಎನ್‌ಸಿಸಿ ಬೆಟಾಲಿಯನ್ನಿಗೆ (ಶಾಲಾ ತಂಡಗಳ ಮೇಲಿನ ಕಚೇರಿಗೆ) ಹೋಗಬೇಕು. ಕಡತದಲ್ಲಿ "ಉದ್ಧಟ", "ಅಶಿಸ್ತು" ಎಂಬ ಎರಡು ಪದ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದಕ್ಕೆ ಬೆಲೆಯೂ ಇಲ್ಲ. ಆದ್ದರಿಂದ ಮುಂದಿನ ನಾಲ್ಕು ಪರೇಡುಗಳಿಗೆ ಒಂದು ನೋಟ್‌ಬುಕ್ ಇಡಲು ಹೇಳಲಾಯಿತು. ಎಷ್ಟು ಹೊತ್ತಿಗೆ, ಯಾರು, ಕಣ್ಣಿಗೆ ಕಂಡದ್ದೇನು, ಅದಕ್ಕೆ ಸ್ವಲ್ಪ ಮೊದಲು ಏನು ನಡೆಯುತ್ತಿತ್ತು, ಈ ನಾಲ್ಕು ವಿಷಯ ಮಾತ್ರ. "ಕೊಬ್ಬು ತೋರಿಸಿದ" ಎಂದು ಬರೆಯುವ ಹಾಗಿಲ್ಲ. "ದಾಹಿನೇ ಮುಡ್‌ಗೆ (ಬಲಕ್ಕೆ ತಿರುಗು) ಎಡಕ್ಕೆ ತಿರುಗಿದ, ಪಕ್ಕದವನಿಗೆ ಢಿಕ್ಕಿ ಹೊಡೆದ, ಇಬ್ಬರೂ ನಕ್ಕರು" ಎಂದು ಬರೆಯಬೇಕು.

ನೋಟ್‌ಬುಕ್ ತುಂಬಿದಾಗ ಒಂಬತ್ತು ಹೆಸರು ಒಂದೇ ಗುಂಪು ಅಲ್ಲವೆಂದು ಗೊತ್ತಾಯಿತು. ನಾಲ್ವರಿಗೆ ಕಮಾಂಡ್ ಅರ್ಥವಾಗುತ್ತಿರಲಿಲ್ಲ. ಇಬ್ಬರಿಗೆ ಬಸ್ಸಿನ ಸಮಸ್ಯೆ. ಇಬ್ಬರು ಗೆಳೆಯರು ನಕ್ಕರೆಂದು ನಗುವವರು. ಬೇಕೆಂದೇ ಮಾಡುತ್ತಿದ್ದವನು ಒಬ್ಬನೇ. ಗೊತ್ತಿಲ್ಲದವರು, ಆಗದವರು, ಮನಸ್ಸಿಲ್ಲದವರು, ಈ ಮೂವರಿಗೂ ಒಂದೇ ಮದ್ದು ಕೊಟ್ಟರೆ ಮೊದಲಿನ ಇಬ್ಬರೂ ಮೂರನೆಯವನ ಪಕ್ಷಕ್ಕೆ ಸೇರುತ್ತಾರೆ. ಇಲ್ಲಿ ಆದದ್ದೂ ಅದೇ.

ಮೊದಲು ಕಮಾಂಡಿನ ವಿಷಯ. ಡ್ರಿಲ್ಲಿನ ಕಮಾಂಡ್ ಪೂರ್ತಿ ಹಿಂದಿಯಲ್ಲಿರುತ್ತದೆ, ಮತ್ತು ಹೆಚ್ಚಿನವು ಎರಡು ತುಂಡು. "ದಾಹಿನೇ" ಎಂಬುದು ಎಚ್ಚರಿಕೆ, "ಮುಡ್" ಎಂದಾಗ ಮಾತ್ರ ಮೈ ಅಲುಗಬೇಕು. ನಡುವಿನ ಬಿಡುವು ಇರುವುದೇ ಮನಸ್ಸಿನಲ್ಲಿ ತಯಾರಾಗಲಿಕ್ಕೆ. ದಾಹಿನೇ, ಬಾಯೇಂ ಇವೆರಡರಲ್ಲಿ ಬಲ ಯಾವುದು ಎಡ ಯಾವುದು ಎಂದು ಥಟ್ಟನೆ ಹೊಳೆಯದ ಹುಡುಗ ಆ ಬಿಡುವಿನಲ್ಲಿ ಪಕ್ಕದವನನ್ನು ನೋಡುತ್ತಾನೆ. ಹಾಗಾಗಿ ಅವನು ತಿರುಗುವುದು ಅರೆ ಸೆಕೆಂಡ್ ತಡ. ಪಕ್ಕದವನಿಗೂ ಗೊತ್ತಿಲ್ಲದಿದ್ದರೆ ಇಬ್ಬರ ಮುಖಕ್ಕೆ ಮುಖ. ಹದಿನಾಲ್ಕರ ವಯಸ್ಸಿನಲ್ಲಿ ಅದಕ್ಕೆ ನಗು ಬಾರದಿದ್ದರೇ ಆಶ್ಚರ್ಯ. ಬೆಟಾಲಿಯನ್ನಿನಿಂದ ಬಂದ ಇನ್‌ಸ್ಟ್ರಕ್ಟರ್‌ಗೆ ದೂರದಿಂದ ಕಾಣುವುದು ಆ ನಗು ಮಾತ್ರ.

ಇದಕ್ಕೆ ಸಲಹೆ ಸರಳ. ಹನ್ನೆರಡು ಮುಖ್ಯ ಕಮಾಂಡುಗಳನ್ನು ಕನ್ನಡ ಮತ್ತು ಮಲಯಾಳ ಅಕ್ಷರದಲ್ಲಿ ಚಾರ್ಟ್ ಮಾಡಿ, ಪ್ರತಿಯೊಂದರ ಎದುರು ಯಾವ ಕಾಲು, ಯಾವ ದಿಕ್ಕು, ಎಷ್ಟು ಎಣಿಕೆ ಎಂದು ಬರೆಯುವುದು. ಉದಾಹರಣೆಗೆ ದಾಹಿನೇ ಮುಡ್: ಬಲ ಹಿಮ್ಮಡಿ ಮತ್ತು ಎಡಗಾಲಿನ ಮುಂಭಾಗದ ಮೇಲೆ 90 ಡಿಗ್ರಿ ತಿರುಗುವುದು ಎಣಿಕೆ ಒಂದು, ಎಡಗಾಲನ್ನು ಎತ್ತಿ ಬಲಗಾಲಿನ ಪಕ್ಕಕ್ಕೆ ತರುವುದು ಎಣಿಕೆ ಎರಡು. ವಿಶ್ರಾಮ್‌ನಲ್ಲಿ ಎರಡು ಕಾಲಿನ ನಡುವೆ 12 ಇಂಚು, ಸಾವಧಾನ್‌ನಲ್ಲಿ ಹಿಮ್ಮಡಿ ಕೂಡಿ ಪಾದದ ತುದಿಗಳ ನಡುವೆ 30 ಡಿಗ್ರಿ ಕೋನ. ಇಂಥ ಅಳತೆ ಬಾಯಿಗೆ ಬಂದ ಮಗು ತಾನು ತಪ್ಪಿದ್ದನ್ನು ತಾನೇ ಕಂಡುಹಿಡಿಯುತ್ತದೆ. ಮೊದಲು ನಮೂನಾ (ಮಾಡಿ ತೋರಿಸುವುದು), ಆಮೇಲೆ ಗಿನತಿ ಸೇ (ಎಣಿಕೆ ಹೇಳಿ ತುಂಡು ತುಂಡಾಗಿ), ಕೊನೆಗೆ ಪೂರ್ತಿ ಕಮಾಂಡ್, ಈ ಕ್ರಮವನ್ನು ಸಮಯ ಇಲ್ಲವೆಂದು ಹಾರಿಸಿದರೆ ಕೊನೆಗೆ ಹೋಗುವ ಸಮಯವೇ ಹೆಚ್ಚು.

ನೋಟ್‌ಬುಕ್ ಹೇಳಿದ ಇನ್ನೊಂದು ಸಂಗತಿ ಹೊತ್ತಿನದು. 40 ನಿಮಿಷದ ಮೊದಲ ಪಿರಿಯಡ್‌ನಲ್ಲಿ ಗಲಾಟೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೂರನೆಯದರಲ್ಲಿ ಬಿಸಿಲೇರಿದಾಗ, ಒಂದು ಸಾಲು ಡ್ರಿಲ್ ಮಾಡುತ್ತಿದ್ದು ಉಳಿದವರು ಸುಮ್ಮನೆ ನಿಂತಿರುವಾಗ, ಸಾಲಾಗಿ ಹೆಸರುಗಳು. ತಂಡವನ್ನು ಹತ್ತತ್ತು ಜನರ ಸೆಕ್ಷನ್ ಮಾಡಿ, ಒಂದಕ್ಕೆ ಡ್ರಿಲ್, ಇನ್ನೊಂದಕ್ಕೆ ಮರದಡಿ ಮ್ಯಾಪ್ ರೀಡಿಂಗ್, ಮತ್ತೊಂದಕ್ಕೆ ಪ್ರಥಮ ಚಿಕಿತ್ಸೆ ಎಂದು ಸುತ್ತಿಸಿದರೆ ಖಾಲಿ ನಿಲ್ಲುವವರೇ ಇರುವುದಿಲ್ಲ. ಪ್ರತಿ ಪಿರಿಯಡ್ ಮುಗಿದಾಗ ನೀರು. ಮೊಣಕಾಲು ಬಿಗಿಹಿಡಿದು ತುಂಬ ಹೊತ್ತು ನಿಂತರೆ ತಲೆ ತಿರುಗುತ್ತದೆ, ಆ ಮಗು ಅಲುಗಾಡಿದ್ದು ಅಶಿಸ್ತಿನಿಂದ ಅಲ್ಲ.

ಬಸ್ಸಿನ ಇಬ್ಬರೂ ಹುಡುಗಿಯರು. ಅವರ ಊರಿನಿಂದ ಬೆಳಿಗ್ಗೆ ಹೊರಡುವ ಬಸ್ಸು ಒಂದೇ, ಅದು ತಡವಾದರೆ ಇವರೂ ತಡ. ಬಸ್ಸು ತಪ್ಪೀತೆಂದು ತಿಂಡಿ ಬಿಟ್ಟು ಓಡಿಬಂದವರಿಗೆ ಮೈದಾನಕ್ಕೆ ಎರಡು ಸುತ್ತು ಓಟದ ಶಿಕ್ಷೆ! ಪರೇಡಿನ ಮೊದಲ ಹದಿನೈದು ನಿಮಿಷವನ್ನು ಸಮವಸ್ತ್ರ ತಪಾಸಣೆಗೆ ಇಟ್ಟುಕೊಂಡು, ತಡವಾದವರು ಹಿಂದಿನಿಂದ ಬಂದು, ಒಂದೇ ವಾಕ್ಯದಲ್ಲಿ ಕಾರಣ ಹೇಳಿ ಸಾಲಿಗೆ ಸೇರುವುದು, ಅವರ ತಪಾಸಣೆ ನೀರಿನ ಬಿಡುವಿನಲ್ಲಿ, ಎಂದು ನಿಗದಿಯಾಯಿತು. ಸಮವಸ್ತ್ರದ ಬಗ್ಗೆಯೂ ಒಂದು ಮಾತು: ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಖಾಕಿ ಒಣಗುವುದೇ ಇಲ್ಲ. ಆ ತಿಂಗಳುಗಳಲ್ಲಿ ಉಗುರು, ಕೂದಲು, ಬೂಟು, ಬೆಲ್ಟು ನೋಡಿ, ಇಸ್ತ್ರಿಯ ಗೆರೆ ಹುಡುಕಬೇಡಿ. ಸೈಜು ದೊಡ್ಡದಾದ ಬೂಟಿನಿಂದ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವನು ಕಾಲು ಎತ್ತಿ ಹೊಡೆಯುವುದಿಲ್ಲ. ಅವನನ್ನು ಸೋಮಾರಿ ಎನ್ನುವ ಮೊದಲು ಬೂಟು ಬಿಚ್ಚಿಸಿ ನೋಡಬೇಕು.

ಇನ್ನು ಆ ಒಬ್ಬ. ಒಂಬತ್ತನೆಯ ತರಗತಿ, ಎನ್‌ಸಿಸಿಯಲ್ಲಿ ಎರಡನೆಯ ವರ್ಷ. ಅಪ್ಪ ಗಲ್ಫಿನಲ್ಲಿ, ಮನೆಯಲ್ಲಿ ಅಮ್ಮ ಮತ್ತು ಅಜ್ಜಿ. ಪಾಠದಲ್ಲಿ ಹಿಂದಿಲ್ಲ.

"ನಿನ್ನ ಮೇಲೆ ದೂರು ಉಂಟು, ಗೊತ್ತಲ್ಲ?"

"ಗೊತ್ತುಂಟು ಟೀಚರ್."

"ಡ್ರಿಲ್ ಬರುದಿಲ್ವಾ ನಿನಗೆ?"

"ಬರ್ತದೆ. ಅವನಿಂದ ಒಳ್ಳೆ ಬರ್ತದೆ."

'ಅವ' ಎಂದರೆ ಸೆಕ್ಷನ್ ಕಮಾಂಡರ್. ಹಿಂದಿನ ವರ್ಷದ ಕ್ಯಾಂಪಿನಲ್ಲಿ ಸೆಕ್ಷನ್ ನೋಡಿಕೊಂಡದ್ದು ಈ ಹುಡುಗ. ಈ ವರ್ಷ ಸೆಕ್ಷನ್ ಕಮಾಂಡರುಗಳ ಪಟ್ಟಿ ಬೋರ್ಡಿಗೆ ಬಿದ್ದ ಮೇಲೆಯೇ ತನ್ನ ಹೆಸರಿಲ್ಲವೆಂದು ಅವನಿಗೆ ತಿಳಿದದ್ದು. "ಎಂತಕ್ಕೆ ಅಂತ ಯಾರೂ ಹೇಳ್ಲಿಲ್ಲ" ಎಂದು ಎರಡು ಸಲ ಹೇಳಿದ.

ಮಾಷ್ಟ್ರಲ್ಲಿ ಕೇಳಿದರೆ ಕಾರಣ ಇತ್ತು, ಆದರೆ ಅದನ್ನು ಯಾರಿಗೂ ಹೇಳಿರಲಿಲ್ಲ. ಇನ್‌ಸ್ಟ್ರಕ್ಟರ್ ಜೊತೆ ಹಿಂದಿಯಲ್ಲಿ ಸರಾಗ ಮಾತಾಡುವ ಹುಡುಗ ಬೇಕಿತ್ತು, ಅಷ್ಟೆ. ಹೇಳದ ಕಾರಣದ ಜಾಗದಲ್ಲಿ ಮಕ್ಕಳು ತಮ್ಮದೇ ಕಾರಣ ತುಂಬಿಸುತ್ತಾರೆ. ಮೂರು ನಾಲ್ಕು ಭಾಷೆ ಒಂದೇ ಅಂಗಳದಲ್ಲಿರುವ ಶಾಲೆಯಲ್ಲಿ ಆ ಕಾರಣ 'ಅವರ ಮಕ್ಕಳು, ನಮ್ಮ ಮಕ್ಕಳು' ಎಂಬಲ್ಲಿಗೆ ಹೋಗಿ ನಿಲ್ಲಲು ಹೊತ್ತು ಬೇಡ.

ಅದಕ್ಕೆ ಸೇರಿಕೊಂಡದ್ದು ಸಾಮೂಹಿಕ ಶಿಕ್ಷೆ. ಒಬ್ಬ ನಕ್ಕರೆ ಇಡೀ ಸಾಲಿಗೆ ಫ್ರಂಟ್ ರೋಲ್, ಅದೂ ಮುರಕಲ್ಲಿನ ಹರಳು ತುಂಬಿದ ಮೈದಾನದಲ್ಲಿ. ಕೈ ಮೊಣಕೈ ತರಚಿಕೊಂಡ ಮಕ್ಕಳು ನಕ್ಕವನ ಮೇಲೆ ಸಿಟ್ಟಾಗುತ್ತಾರೆಂಬುದು ಲೆಕ್ಕಾಚಾರ. ಸಿಟ್ಟು ಹೋದದ್ದು ಶಿಕ್ಷೆ ಕೊಟ್ಟವರ ಕಡೆಗೆ. ಈ ಹುಡುಗನಿಗೆ ಖರ್ಚಿಲ್ಲದೆ ಒಂದು ಪ್ಲಟೂನ್ ಕಟ್ಟಿಕೊಟ್ಟಂತಾಯಿತು. ಸೈನ್ಯದಲ್ಲಿ ನಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೈನಿಕ ವಯಸ್ಕ, ಒಪ್ಪಿ ಸೇರಿದವ. ಇಲ್ಲಿರುವುದು ಶಾಲೆಯ ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ, 14 ದಾಟಿದವರಿಗೂ 18ರ ತನಕ 2015ರ ಬಾಲನ್ಯಾಯ ಕಾಯಿದೆಯ 75ನೇ ಸೆಕ್ಷನ್ ಇದೆ. ಖಾಕಿ ಹಾಕಿದ ಮಾತ್ರಕ್ಕೆ ಇವು ಅನ್ವಯಿಸದೆ ಹೋಗುವುದಿಲ್ಲ.

ಮನೆಗೆ ಕಳುಹಿಸುವ ಶಿಕ್ಷೆಯೂ ಒಳ್ಳೆಯದಲ್ಲ. ಎನ್‌ಸಿಸಿಯ ಮೊದಲ ಹಂತದ 'ಎ' ಸರ್ಟಿಫಿಕೇಟ್ ಪರೀಕ್ಷೆಗೆ ಪರೇಡಿನಲ್ಲಿ 75 ಶೇಕಡಾ ಹಾಜರಿ ಬೇಕು. ಹಾಜರಿ ಅದಕ್ಕಿಂತ ಕೆಳಗೆ ಬಿದ್ದ ಕೆಡೆಟ್‌ಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಅಂಥವನನ್ನು ತಿದ್ದುವುದು ಇನ್ನೂ ಕಷ್ಟ.

ಬದಲಿಗೆ ಹಂತಗಳನ್ನು ಬರೆದು ಮಕ್ಕಳಿಗೆ ಮೊದಲೇ ಓದಿ ಹೇಳಬೇಕೆಂದು ಸೂಚಿಸಲಾಯಿತು. ಮೊದಲ ಸಲ, ಹತ್ತಿರ ಹೋಗಿ, ಹೆಸರು ಹಿಡಿದು, ಕಡಿಮೆ ದನಿಯಲ್ಲಿ ತಪ್ಪನ್ನು ಮಾತ್ರ ಹೇಳುವುದು. ಮರುಕಳಿಸಿದರೆ ಐದು ನಿಮಿಷ ಸಾಲಿನಿಂದ ಹೊರಗೆ, ಇನ್‌ಸ್ಟ್ರಕ್ಟರ್ ಪಕ್ಕ ನಿಂತು ತಂಡದ ಹೆಜ್ಜೆ ಎಣಿಸುವ ಕೆಲಸ. ತೇಜ್ ಚಲ್‌ನಲ್ಲಿ (ವೇಗದ ನಡಿಗೆಯಲ್ಲಿ) ನಿಮಿಷಕ್ಕೆ 120 ಹೆಜ್ಜೆ ಬರಬೇಕು, ಬಂತೋ ಇಲ್ಲವೋ ಅವನು ಹೇಳಬೇಕು, ಆಮೇಲೆ ಸಾಲಿಗೆ ವಾಪಸ್. ಮೂರನೆಯದಕ್ಕೆ ಪರೇಡ್ ಮುಗಿದ ಮೇಲೆ ಇನ್ನೊಬ್ಬ ಶಿಕ್ಷಕರ ಎದುರು ಮಾತು, ನೋಟ್‌ಬುಕ್ಕಿನಲ್ಲಿ ದಾಖಲೆ. ಅದೂ ಆಗದಿದ್ದರೆ ಮನೆಯವರಿಗೆ ಕರೆ. ಆಮೇಲೆಯೇ ಬೆಟಾಲಿಯನ್ನಿಗೆ ಬರಹ. ಸೀನಿಯರ್ ಕೆಡೆಟ್‌ಗಳಿಗೆ ಕಮಾಂಡ್ ಕೊಡುವ ಮತ್ತು ವರದಿ ಮಾಡುವ ಅಧಿಕಾರ ಮಾತ್ರ. ಶಿಕ್ಷೆ ಕೊಡುವುದು ಬೇಡವೇ ಬೇಡ.

ಹುಡುಗನಿಗೆ ಒಂದು ರ‍್ಯಾಂಕ್ ಕೊಟ್ಟುಬಿಟ್ಟರೆ ಸುಮ್ಮನಾಗುತ್ತಾನೆ ಎಂದು ಸ್ಟಾಫ್ ರೂಮಿನಲ್ಲಿ ಸಲಹೆ ಬಂದಿತ್ತಂತೆ. ಅದು ಬೇಡವೆಂದು ಖಚಿತವಾಗಿ ಹೇಳಲಾಯಿತು. ಗಲಾಟೆ ಮಾಡಿದರೆ ರ‍್ಯಾಂಕ್ ಸಿಗುತ್ತದೆಂದು ಉಳಿದವರು ಕಲಿತುಬಿಡುತ್ತಾರೆ. ಮಾಷ್ಟ್ರು ಅವನಿಗೆ ಹೇಳಬೇಕಾದ ಮಾತು ಇಷ್ಟೇ ಇರಲಿ: "ನಿನಗೆ ಹೇಳದೆ ಪಟ್ಟಿ ಹಾಕಿದ್ದು ಸರಿಯಾಗ್ಲಿಲ್ಲ. ಪಟ್ಟಿ ಈಗ ಬದಲಾಗುದಿಲ್ಲ. ಡಿಸೆಂಬರಿನಲ್ಲಿ ಎಲ್ಲರಿಗೂ ಪರೀಕ್ಷೆ ಉಂಟು. ಹಾಜರಿ, ಸಮವಸ್ತ್ರ, ಡ್ರಿಲ್, ಕಮಾಂಡ್ ಕೊಡುದು, ಈ ನಾಲ್ಕು ನೋಡ್ತೇನೆ. ನೀನೂ ಬಾ." ಅಲ್ಲಿಯವರೆಗೆ ಹೊಸಬರಿಗೆ ನಮೂನಾ ತೋರಿಸುವ ಕೆಲಸ ಅವನದು. ಚೆನ್ನಾಗಿ ಬರುವುದನ್ನು ಎಲ್ಲರೆದುರು ಮಾಡಿ ತೋರಿಸುವವನಿಗೆ ಅದನ್ನೇ ಬೇಕೆಂದು ಕೆಡಿಸುವುದು ಕಷ್ಟ. ಅಮ್ಮನನ್ನು ಕರೆದದ್ದು ದೂರು ಹೇಳಲಿಕ್ಕಲ್ಲ, ಶನಿವಾರ ಬೆಳಿಗ್ಗೆ ಅಪ್ಪನ ಫೋನು ಬರುವ ಹೊತ್ತನ್ನು ಪರೇಡಿನ ನಂತರಕ್ಕೆ ಹಾಕಲಿಕ್ಕೆ. ಅವನು ಬೂಟು ಪಾಲಿಶ್ ಬಿಟ್ಟು ಓಡಿಬರುತ್ತಿದ್ದದ್ದು ಆ ಕಾರಣಕ್ಕೇ.

ಎಲ್ಲವೂ ಸರಿಹೋಗಲಿಲ್ಲ. ಕಮಾಂಡ್ ತಿಳಿಯದ ನಾಲ್ವರು ಬೇಗ ಸುಧಾರಿಸಿದರು. ಬಸ್ಸು ಈಗಲೂ ತಡ. ಹುಡುಗ ಡಿಸೆಂಬರ್ ಪರೀಕ್ಷೆಯಲ್ಲಿ ಡ್ರಿಲ್ಲಿಗೆ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ, ಹಾಜರಿಯಲ್ಲಿ ಹಿಂದೆ ಬಿದ್ದ, ಎರಡನೆಯ ಸ್ಥಾನ ಬಂತು. ಮುನಿಸು ಪೂರ್ತಿ ಹೋಗಿಲ್ಲ, ಸಾಲಿನಲ್ಲಿ ಮಾತ್ರ ತೋರಿಸುತ್ತಿಲ್ಲ.

ನಗುವವರ ಪೈಕಿ ಒಬ್ಬಳು, ತನಗೆ ಎನ್‌ಸಿಸಿ ಬೇಡವಾಗಿತ್ತು, ಗ್ರೇಸ್ ಮಾರ್ಕಿಗೆಂದು ಮನೆಯವರು ಸೇರಿಸಿದ್ದು ಎಂದಳು. ಅವಳನ್ನು ಒತ್ತಾಯದಿಂದ ಉಳಿಸಿಕೊಳ್ಳಬಾರದೆಂದೂ, ಮನೆಯವರ ಸಹಿಯ ಅರ್ಜಿ ಪಡೆದು, ಕೊಟ್ಟ ಸಮವಸ್ತ್ರ, ಬೂಟು, ಬೆಲ್ಟು ಲೆಕ್ಕ ಮಾಡಿ ವಾಪಸ್ ತೆಗೆದುಕೊಂಡು ರಸೀದಿ ಕೊಡಬೇಕೆಂದೂ, ಕಾರಣದ ಕಾಲಮಿನಲ್ಲಿ 'ಅಶಿಸ್ತು' ಎಂದು ಬರೆಯಬಾರದೆಂದೂ ಮಾಷ್ಟ್ರಿಗೆ ತಿಳಿಸಲಾಯಿತು.